ಬಾರ್‌ಕೋಡ್ ಲೇಬಲ್ ಪ್ರಿಂಟರ್: ಮೈಸೂರು, ಮಂಡ್ಯದ ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಅಂಗಡಿಗಳಿಗೆ, ಮನೆಯಲ್ಲೇ ಪ್ಯಾಕಿಂಗ್ ಮಾಡುವವರಿಗೆ, ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಘಟಕಗಳಿಗೆ ಲೇಬಲ್ ಪ್ರಿಂಟರ್ ಹಾಕಿಕೊಡುವುದು, ಕೆಟ್ಟಾಗ ಹೋಗಿ ನೋಡುವುದು ನನ್ನ ಕೆಲಸ. ಫೋನಿನಲ್ಲಿ, ವಾಟ್ಸ್ಯಾಪಿನಲ್ಲಿ, ಎದುರಿಗೆ ಕೂತು ಜನ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮ ಪ್ರಶ್ನೆ ಹುಡುಕಿಕೊಂಡರೆ ಸಾಕು.

## ಕೊಳ್ಳುವ ಮುಂಚೆ

ಬಿಲ್ ಹೊಡೆಯೋ ಪ್ರಿಂಟರ್ ನಮ್ಮ ಹತ್ರ ಇದೆ ಸಾರ್. ಅದ್ರಲ್ಲೇ ಸ್ಟಿಕ್ಕರ್ ತೆಗೆಯೋಕಾಗಲ್ವಾ?

ಬಿಲ್ ಪ್ರಿಂಟರ್ ಎಲ್ಲೂ ತುಂಡಾಗದ ಉದ್ದನೆಯ ಕಾಗದದ ಸುರುಳಿಗೆ ಹೊಡೆದು ಕತ್ತರಿಸುವ ಮಷೀನು. ಒಂದು ಸ್ಟಿಕ್ಕರ್ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ನೋಡುವ ಸೆನ್ಸರ್ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹತ್ತು ಸ್ಟಿಕ್ಕರ್ ಹೊತ್ತಿಗೆ ಪ್ರಿಂಟು ಜಾರುತ್ತದೆ. ಅರ್ಧ ಇದರಲ್ಲಿ, ಅರ್ಧ ಮುಂದಿನದರಲ್ಲಿ. ಸ್ಟಿಕ್ಕರಿನ ಗೋಂದು ಕಟರ್ ಬ್ಲೇಡಿಗೆ ಮೆತ್ತಿಕೊಂಡರಂತೂ ಬಿಲ್ಲೂ ನಿಂತುಹೋಗುತ್ತದೆ. ಎರಡೂ ಕೆಲಸಕ್ಕೆಂದೇ ಮಾಡಿದ ಮಾಡೆಲ್‌ಗಳಿವೆ. ದಿನಕ್ಕೆ ಇಪ್ಪತ್ತು ಮೂವತ್ತು ಸ್ಟಿಕ್ಕರ್ ಸಾಕು ಅನ್ನುವವರಿಗೆ ಅವು ಆಗುತ್ತವೆ.

ಇಂಕೇ ಇಲ್ಲ ಅಂತೀರಾ, ಮತ್ತೆ ಅಕ್ಷರ ಎಲ್ಲಿಂದ ಬರುತ್ತೆ?

ಬಿಸಿಯಿಂದ. ಪ್ರಿಂಟರಿನ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹೀಟರ್ ಚುಕ್ಕಿಗಳು ಒಂದೇ ಸಾಲಿನಲ್ಲಿರುತ್ತವೆ. ಬೇಕಾದ ಚುಕ್ಕಿ ಮಾತ್ರ ಬಿಸಿಯಾಗಿ, ಆರಿ, ಮತ್ತೆ ಬಿಸಿಯಾಗುತ್ತದೆ.

ಇದರಲ್ಲಿ ಎರಡು ಜಾತಿ. ಒಂದು ಡೈರೆಕ್ಟ್ ಥರ್ಮಲ್. ಇದರ ಕಾಗದಕ್ಕೆ ಬಣ್ಣವಿಲ್ಲದ ಒಂದು ಡೈ ಮತ್ತು ಅದನ್ನು ಕಪ್ಪಾಗಿಸುವ ಆಮ್ಲದ ಗುಣದ ಇನ್ನೊಂದು ಪದಾರ್ಥ ಸವರಿರುತ್ತಾರೆ. ಬಿಸಿ ತಾಗಿದ ಕಡೆ ಎರಡೂ ಕರಗಿ, ಸೇರಿ, ಕಪ್ಪಾಗುತ್ತವೆ. ಬಸ್ ಟಿಕೆಟ್, ಎಟಿಎಂ ಚೀಟಿ ಎಲ್ಲ ಇದೇ. ಇನ್ನೊಂದು ಥರ್ಮಲ್ ಟ್ರಾನ್ಸ್‌ಫರ್. ಕಪ್ಪು ಸವರಿದ ತೆಳುವಾದ ರಿಬ್ಬನ್ ಮಧ್ಯೆ ಓಡುತ್ತದೆ, ಬಿಸಿಗೆ ಆ ಕಪ್ಪು ಕರಗಿ ಲೇಬಲ್ಲಿಗೆ ಅಂಟುತ್ತದೆ.

ಕೈಯಲ್ಲಿರುವ ರೋಲು ಯಾವುದು ಅಂತ ಗೊತ್ತಾಗದಿದ್ದರೆ ಉಗುರಿನಿಂದ ಜೋರಾಗಿ ಒಂದು ಗೀರು ಎಳೆಯಿರಿ. ಕಪ್ಪು ಗೆರೆ ಬಿದ್ದರೆ ಡೈರೆಕ್ಟ್ ಥರ್ಮಲ್ ಕಾಗದ.

ರಿಬ್ಬನ್ ಇರೋದು ತಗೊಳ್ಳಲಾ, ಇಲ್ದೇ ಇರೋದಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳುವುದಾದರೆ ರಿಬ್ಬನ್ ಇರುವುದು. ಆದರೆ ಅದಕ್ಕೂ ಮುಂಚೆ ನಾನು ತಿರುಗಿಸಿ ಕೇಳುತ್ತೇನೆ: ನಿಮ್ಮ ಲೇಬಲ್ ಯಾವುದರ ಮೇಲೆ ಕೂರುತ್ತದೆ, ಎಷ್ಟು ದಿನ ಕೂರಬೇಕು? ಹೆಚ್ಚಿನವರು ಪ್ರಿಂಟರ್ ಕೊಂಡು ಬಂದ ಮೇಲೆ ಈ ಯೋಚನೆ ಮಾಡುತ್ತಾರೆ. ಎಡವುವುದೇ ಅಲ್ಲಿ.

ಆನ್‌ಲೈನಿನಲ್ಲಿ ಸೀರೆ ಮಾರುವವರ ಕೊರಿಯರ್ ಲೇಬಲ್ ವಾರದೊಳಗೆ ಕಸದ ಬುಟ್ಟಿ ಸೇರುತ್ತದೆ. ಅದಕ್ಕೆ ಡೈರೆಕ್ಟ್ ಥರ್ಮಲ್ ಸಾಕು. 100 ಗುಣಿಸು 150 ಮಿಲಿಮೀಟರ್ ರೋಲ್ ಹಾಕಿ, ಹೊಡೆದು, ಅಂಟಿಸಿ, ಮರೆತುಬಿಡಿ. ರಿಬ್ಬನ್ ಖರ್ಚೂ ಇಲ್ಲ, ಬದಲಾಯಿಸುವ ರಗಳೆಯೂ ಇಲ್ಲ.

ಮೈಸೂರ್‌ಪಾಕ್ ಡಬ್ಬಕ್ಕೆ ಅದೇ ಲೇಬಲ್ ಅಂಟಿಸಿ ನೋಡಿ. ತುಪ್ಪದ ಕೈ ತಾಗಿದ ಕಡೆ ಬಾರ್‌ಕೋಡ್ ಮಾಸುತ್ತದೆ. ಎಣ್ಣೆ, ತುಪ್ಪ, ಸೆಂಟು, ಬಿಸಿಲು, ತರಕಾರಿ ಸುತ್ತುವ ಪಿವಿಸಿ ಹಾಳೆ, ಎಲ್ಲವೂ ಡೈರೆಕ್ಟ್ ಥರ್ಮಲ್‌ಗೆ ಶತ್ರುಗಳೇ. ನಾನೇ ಮಾಡಿದ ತಪ್ಪು ಹೇಳುತ್ತೇನೆ. ಕೆಲಸ ಶುರುಮಾಡಿದ ಹೊಸದರಲ್ಲಿ ಊದುಬತ್ತಿ ಪ್ಯಾಕ್ ಮಾಡುವವರೊಬ್ಬರಿಗೆ ಕಡಿಮೆ ಖರ್ಚಿನಲ್ಲಿ ಆಗಲಿ ಅಂತ ರಿಬ್ಬನ್ ಇಲ್ಲದ್ದನ್ನು ಕೊಡಿಸಿದೆ. ಬತ್ತಿಗೆ ಹಾಕಿದ ಸೆಂಟೆಣ್ಣೆ ಕವರಿನಿಂದ ಹಾದು ಲೇಬಲ್ಲಿಗೆ ಬಂದಿತ್ತು. ತಿಂಗಳೊಳಗೆ ಎಂಆರ್‌ಪಿ ಓದಲಾಗದಷ್ಟು ತಿಳಿಯಾಯಿತು. ಅಂಗಡಿಗಳಿಂದ ಪೆಟ್ಟಿಗೆ ಪೆಟ್ಟಿಗೆ ವಾಪಸ್. ಆಮೇಲೆ ಅವರ ಮನೆಮಂದಿಯೆಲ್ಲ ಕೂತು ಹೊಸ ಲೇಬಲ್ ಅಂಟಿಸಿದರು, ನಾನೂ ಕೂತೆ.

ಬಿಸಿಯೂ ಅಷ್ಟೇ. ಸಾಮಾನ್ಯ ಥರ್ಮಲ್ ಕಾಗದ 60–70 ಡಿಗ್ರಿ ದಾಟಿದರೆ ತಾನೇ ಕಪ್ಪಾಗತೊಡಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಲೇಬಲ್ ರೋಲ್ ಇಟ್ಟು ಹೋಗಬೇಡಿ.

ಒಂದು ಅನುಕೂಲ ಇದೆ. ರಿಬ್ಬನ್ ಹಾಕುವ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ರಿಬ್ಬನ್ ತೆಗೆದು, ಸೆಟ್ಟಿಂಗ್ ಬದಲಾಯಿಸಿದರೆ ಡೈರೆಕ್ಟ್ ಥರ್ಮಲ್ ಕೆಲಸವನ್ನೂ ಮಾಡುತ್ತವೆ. ಉಲ್ಟಾ ಆಗುವುದಿಲ್ಲ. ಅದಕ್ಕೇ ನನ್ನ ಉತ್ತರ ಮೊದಲ ಸಾಲಿನದು.

ಯಾವ ಕಂಪನಿದು ಒಳ್ಳೇದು?

ಜೀಬ್ರಾ, ಟಿಎಸ್‌ಸಿ, ಹನಿವೆಲ್, ಟಿವಿಎಸ್, ಸಿಟಿಜನ್, ಯಾವುದಾದರೂ ಮಾಡುವ ಕೆಲಸ ಒಂದೇ. ನಿಮ್ಮೂರಲ್ಲಿ ಯಾವುದರ ಹೆಡ್ಡು, ರೋಲರ್ ಎರಡು ದಿನದಲ್ಲಿ ಸಿಗುತ್ತದೋ ಅದನ್ನು ತಗೊಳ್ಳಿ. ಮಂಡ್ಯದಲ್ಲಿ ಕೂತು ಬಿಡಿಭಾಗಕ್ಕೆ ಮೂರು ವಾರ ಕಾಯುವುದಾದರೆ ಎಂಥ ಕಂಪನಿಯಾದರೇನು? ಹೆಸರೇ ಕೇಳದ ಅಗ್ಗದ ಮಷೀನುಗಳೂ ಚೆನ್ನಾಗಿಯೇ ಹೊಡೆಯುತ್ತವೆ, ಹೆಡ್ ಹೋಗುವ ತನಕ.

203 ಡಿಪಿಐ ಸಾಕಾ, 300 ಬೇಕಾ? 300 ಅಂದ್ರೆ ದುಡ್ಡು ಜಾಸ್ತಿ ಕೇಳ್ತಿದಾರೆ.

ಲೆಕ್ಕ ಹಾಕಿಯೇ ನೋಡೋಣ. ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅಂತ. 203 ಡಿಪಿಐ ಅಂದರೆ ಒಂದು ಮಿಲಿಮೀಟರಿಗೆ 8 ಚುಕ್ಕಿ. ಒಂದು ಚುಕ್ಕಿ 0.125 ಮಿಮೀ. 300ರಲ್ಲಿ ಮಿಲಿಮೀಟರಿಗೆ ಸುಮಾರು 12 ಚುಕ್ಕಿ. ಬಾರ್‌ಕೋಡಿನ ಗೆರೆ ಪೂರ್ತಿ ಚುಕ್ಕಿಗಳಲ್ಲೇ ಬರಬೇಕು. ಎರಡೂವರೆ ಚುಕ್ಕಿಯ ಗೆರೆ ಅನ್ನುವುದು ಇಲ್ಲ.

ಅಂಗಡಿ ಸಾಮಾನಿನ ಮೇಲೆ ಕಾಣುವ 13 ಅಂಕಿಯ ಇಎಎನ್ ಕೋಡಿನಲ್ಲಿ ಅತಿ ತೆಳು ಗೆರೆ 0.33 ಮಿಮೀ ಇರಬೇಕು. 80 ಪರ್ಸೆಂಟ್‌ವರೆಗೆ, ಅಂದರೆ 0.264 ಮಿಮೀವರೆಗೆ ಇಳಿಸಬಹುದು. 203ರಲ್ಲಿ ಎರಡು ಚುಕ್ಕಿ ಹಾಕಿದರೆ 0.25, ಅಳತೆಗಿಂತ ಕೂದಲೆಳೆ ಕಡಿಮೆ. ಮೂರು ಹಾಕಿದರೆ 0.375, ಸರಿಯಾಯಿತು. ಎರಡೂ ಬದಿಯ ಖಾಲಿ ಜಾಗ ಸೇರಿಸಿದರೆ ಕೋಡಿನ ಅಗಲ 113 ತೆಳು ಗೆರೆಯಷ್ಟು. ಮೂರು ಚುಕ್ಕಿಯಲ್ಲಿ ಅದು ಸುಮಾರು 42 ಮಿಮೀ. 50 ಗುಣಿಸು 25ರ ಲೇಬಲ್ಲಿನಲ್ಲಿ ಆರಾಮಾಗಿ ಕೂರುತ್ತದೆ. ಹಾಗಾಗಿ ದಿನಸಿ, ಬಟ್ಟೆ, ಪಾತ್ರೆ ಅಂಗಡಿಯವರಿಗೆ 203 ಸಾಕು.

ಎರಡು ಚುಕ್ಕಿಯದನ್ನು ನಿಮ್ಮ ಕೌಂಟರಿನ ಸ್ಕ್ಯಾನರ್ ಓದಬಹುದು. ಆದರೆ ದೊಡ್ಡ ಮಾರ್ಟುಗಳಿಗೆ ಸಾಮಾನು ಕೊಡುವವರು ಈ ಚೌಕಾಸಿ ಮಾಡಬೇಡಿ.

300 ಬೇಕಾಗುವುದು ಜಾಗ ಇಲ್ಲದ ಕಡೆ: ಚಿನ್ನದ ಟ್ಯಾಗು, ಔಷಧಿಯ ಸಣ್ಣ ಬಾಟಲಿ, ಎಲೆಕ್ಟ್ರಾನಿಕ್ ಬೋರ್ಡು. ಸಣ್ಣ ಅಕ್ಷರದ ಕನ್ನಡ ಇದ್ದರೂ 300 ಒಳ್ಳೆಯದು.

ಅಂದಹಾಗೆ, ಅಂಗಡಿಯಲ್ಲಿ ಈ ಜಾತಿಯ ಕೋಡನ್ನು ಮೊದಲು ಸ್ಕ್ಯಾನ್ ಮಾಡಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಸಾಮಾನು ಯಾವುದು ಗೊತ್ತಾ? ಒಂದು ಚ್ಯೂಯಿಂಗ್ ಗಮ್ ಪ್ಯಾಕೆಟ್ಟು.

ಹಳೇ ಪ್ರಿಂಟರ್ ಅರ್ಧ ರೇಟಿಗೆ ಸಿಗ್ತಿದೆ. ತಗೋಬಹುದಾ?

ಮೊದಲು ಅದರಲ್ಲೇ ಒಂದು ಲೇಬಲ್ ಪೂರ್ತಿ ಕಪ್ಪಾಗಿ ಹೊಡೆಸಿ. ಉದ್ದಕ್ಕೆ ಬಿಳಿ ಗೆರೆ ಬಂದು, ಒರೆಸಿದರೂ ಹೋಗದಿದ್ದರೆ ಹೆಡ್ ಸವೆದಿದೆ. ಕೆಳಗಿನ ರಬ್ಬರ್ ರೋಲರಿನಲ್ಲಿ ಬ್ಲೇಡಿನ ಗಾಯ ಇದೆಯಾ ನೋಡಿ. ಎಷ್ಟು ದೂರ ಹೊಡೆದಿದೆ ಎಂಬ ಲೆಕ್ಕ ಬಹಳಷ್ಟು ಮಾಡೆಲ್‌ಗಳ ಸೆಲ್ಫ್ ಟೆಸ್ಟ್ ಚೀಟಿಯಲ್ಲಿ ಬರುತ್ತದೆ, ಸ್ಕೂಟರಿನ ಕಿಲೋಮೀಟರ್ ಥರ. ಮಾರುವವರು ಆ ಚೀಟಿ ತೆಗೆದು ತೋರಿಸಲಿಕ್ಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

## ಲೇಬಲ್, ರಿಬ್ಬನ್ ವಿಚಾರ

ವ್ಯಾಕ್ಸು, ರೆಸಿನ್ನು ಅಂತಾರಲ್ಲ ಅಣ್ಣ, ನಂಗೆ ಯಾವುದು ಬೇಕು?

ರಿಬ್ಬನ್ನಿಗೆ ಸವರಿದ ಕಪ್ಪು ಮೇಣದ್ದಾದರೆ ವ್ಯಾಕ್ಸ್, ರಾಳದ್ದಾದರೆ ರೆಸಿನ್, ಎರಡೂ ಬೆರೆತರೆ ವ್ಯಾಕ್ಸ್-ರೆಸಿನ್. ಮಾಮೂಲಿ ಕ್ರೋಮೋ, ಅಂದರೆ ನುಣುಪು ಲೇಪನದ ಕಾಗದದ ಸ್ಟಿಕ್ಕರಿಗೆ ವ್ಯಾಕ್ಸ್ ರಿಬ್ಬನ್. ಅಗ್ಗ, ಕಡಿಮೆ ಬಿಸಿಗೆ ಕರಗುತ್ತದೆ, ಹೆಡ್ಡಿಗೂ ಸುಖ. ಉಗುರಿನಿಂದ ಉಜ್ಜಿದರೆ ಸ್ವಲ್ಪ ಹೋಗುತ್ತದೆ. ಕೈ ಜಾಸ್ತಿ ತಾಗುವ, ತೇವ ಇರುವ ಸಾಮಾನಿಗೆ ವ್ಯಾಕ್ಸ್-ರೆಸಿನ್. ಪ್ಲಾಸ್ಟಿಕ್ ಲೇಬಲ್ಲಿಗೆ, ರಾಸಾಯನಿಕ ತಾಗುವ ಕಡೆಗೆ, ಮಷೀನಿನ ಮೇಲಿನ ಬೆಳ್ಳಿ ಬಣ್ಣದ ಪಾಲಿಯೆಸ್ಟರ್ ಲೇಬಲ್ಲಿಗೆ ಪೂರ್ತಿ ರೆಸಿನ್.

ರಿಬ್ಬನ್ನೂ ಲೇಬಲ್ಲೂ ಜೋಡಿ ಕೂಡಬೇಕು. ಪ್ಲಾಸ್ಟಿಕ್ ಲೇಬಲ್ಲಿಗೆ ವ್ಯಾಕ್ಸ್ ಹೊಡೆದರೆ ನೋಡಲಿಕ್ಕೆ ಚೆನ್ನಾಗಿರುತ್ತದೆ, ಬೆರಳು ಸವರಿದರೆ ಅಳಿಸಿಹೋಗುತ್ತದೆ. ಕಾಗದಕ್ಕೆ ರೆಸಿನ್ ಹಾಕಿದರೆ ದುಡ್ಡೂ ದಂಡ, ಹೆಡ್ಡಿಗೆ ಸುಮ್ನೆ ಜಾಸ್ತಿ ಬಿಸಿ.

ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ, ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ. ಅದನ್ನೇ ರಿಬ್ಬನ್ನಿಗೂ ಹಚ್ಚಬಾರದಾ ಅಂತ ಒಬ್ಬರು ಕೇಳಿದ್ದರು. ಅದು ಚರ್ಮದ ಮೇಲೆ ಕೆಲಸ ಮಾಡುವ ಬೆಳ್ಳಿಯ ಉಪ್ಪು ಸ್ವಾಮಿ, ಸ್ಟಿಕ್ಕರಿಗಲ್ಲ!

ಒಂದು ರಿಬ್ಬನ್‌ಗೆ ಎಷ್ಟು ಸ್ಟಿಕ್ಕರ್ ಬರುತ್ತೆ?

50 ಗುಣಿಸು 25ರ ಲೇಬಲ್, ಸಾಲಿಗೆ ಎರಡು, ಮಧ್ಯೆ 3 ಮಿಮೀ ಗ್ಯಾಪ್ ಅಂತ ಇಟ್ಟುಕೊಳ್ಳಿ. ಒಂದು ಸಾಲಿಗೆ 28 ಮಿಮೀ ರಿಬ್ಬನ್ ಓಡುತ್ತದೆ. 300 ಮೀಟರ್ ರಿಬ್ಬನ್ನಿಗೆ 10,700 ಸಾಲು, ಅಂದರೆ 21,000ಕ್ಕೂ ಮೇಲೆ ಸ್ಟಿಕ್ಕರ್. 74 ಮೀಟರಿನ ಸಣ್ಣ ರಿಬ್ಬನ್ನಿಗೆ ಸುಮಾರು 5,300. ಸಣ್ಣ ಪ್ರಿಂಟರ್‌ಗಳಲ್ಲಿ ಕೆಲವು 74 ಮೀಟರ್ ಮಾತ್ರ ಹಿಡಿಸುತ್ತವೆ. ಕೊಳ್ಳುವಾಗ ಈ ಒಂದು ವಿಷಯ ಕೇಳಿಕೊಳ್ಳಿ. ಇಲ್ಲದಿದ್ದರೆ ದಸರಾ ಹಿಂದಿನ ವಾರ ಮಧ್ಯಾಹ್ನಕ್ಕೊಂದು ರಿಬ್ಬನ್ ಬದಲಾಯಿಸುತ್ತಾ ಕೂರಬೇಕಾಗುತ್ತದೆ.

ರಿಬ್ಬನ್ ಲೇಬಲ್ಲಿಗಿಂತ ಸ್ವಲ್ಪ ಅಗಲ ಇರಲಿ. ಕಡಿಮೆ ಇದ್ದರೆ ಲೇಬಲ್ಲಿನ ಅಂಚು ಹೆಡ್ಡಿಗೆ ನೇರ ಉಜ್ಜಿ ಸವೆಸುತ್ತದೆ. ಹಾಗಂತ 50 ಮಿಮೀ ಒಂಟಿ ಲೇಬಲ್ಲಿಗೆ 110 ಮಿಮೀ ರಿಬ್ಬನ್ ಹಾಕಿದರೆ ಅರ್ಧ ರಿಬ್ಬನ್ ಹಾಗೇ ಸುತ್ತಿಕೊಂಡು ಕಸಕ್ಕೆ ಹೋಗುತ್ತದೆ.

ಮಂಡ್ಯದಿಂದ ಮಾತಾಡ್ತಿರೋದು. ಬೆಲ್ಲದ ಕವರ್‌ಗೆ ಸ್ಟಿಕ್ಕರೇ ನಿಲ್ತಾ ಇಲ್ಲ ಕಣಣ್ಣ, ಉದುರೋಯ್ತದೆ. ಪ್ರಿಂಟರ್ ಸರಿ ಇಲ್ವಾ?

ಪ್ರಿಂಟರಿನದಲ್ಲ ತಪ್ಪು. ಬೆಲ್ಲ ತುಂಬಿದ ಮೇಲೆ ಕವರಿನ ಹೊರಗೆ ಪುಡಿ, ಜಿಗುಟು ಕೂತಿರುತ್ತದೆ. ಗೋಂದು ಕವರಿಗೆ ಹಿಡಿಯುವ ಬದಲು ಪುಡಿಗೆ ಹಿಡಿಯುತ್ತದೆ. ತುಂಬುವ ಮುಂಚೆಯೇ ಖಾಲಿ ಕವರಿಗೆ ಅಂಟಿಸಿ, ಬೆರಳಲ್ಲಿ ಒತ್ತಿ ಸವರಿ, ಒಂದು ದಿನ ಬಿಡಿ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತದಲ್ಲ, ಆಗ ಕಾಗದದ ಸ್ಟಿಕ್ಕರ್ ನೆನೆದು ಹರಿಯುತ್ತದೆ. ಪ್ಲಾಸ್ಟಿಕ್ ಲೇಬಲ್, ಅದಕ್ಕೆ ಹೊಂದುವ ರಿಬ್ಬನ್ ಹಾಕಿದರೆ ಆ ತೊಂದರೆ ಇಲ್ಲ. ಫ್ರೀಜರಿನಲ್ಲಿಡುವ ಸಾಮಾನಿಗೆ ಗೋಂದೇ ಬೇರೆ, ಲೇಬಲ್ ಆರ್ಡರ್ ಕೊಡುವಾಗಲೇ ಹೇಳಬೇಕು.

ಅಶೋಕ ರೋಡಲ್ಲಿ ಒಡವೆ ಅಂಗಡಿ ನಮ್ದು. ಬಾಲ ಇರೋ ಟ್ಯಾಗು ಎಲ್ಲಾ ಪ್ರಿಂಟರ್‌ನಲ್ಲೂ ಬರುತ್ತಾ?

ಬರುತ್ತದೆ, ಆದರೆ 300 ಡಿಪಿಐ ತಗೊಳ್ಳಿ. ಇಎಎನ್ ಅಲ್ಲದೆ ಕೋಡ್ 128 ಎಂಬ ಇನ್ನೊಂದು ಜಾತಿಯ ಬಾರ್‌ಕೋಡ್ ಇದೆ. ಅದರಲ್ಲಿ ಬರೀ ಅಂಕಿ ಇದ್ದರೆ ಎರಡೆರಡು ಅಂಕಿ ಒಂದೇ ಚಿಹ್ನೆಯೊಳಗೆ ಕೂರುತ್ತವೆ. ಎಂಟು ಅಂಕಿಯ ನಂಬರು 203ರಲ್ಲಿ ಸುಮಾರು 25 ಮಿಮೀ ಹಿಡಿದರೆ 300ರಲ್ಲಿ 17 ಮಿಮೀಗೆ ಇಳಿಯುತ್ತದೆ. ಅಕ್ಷರ ಬೆರೆಸಿದರೆ ಉದ್ದ ಬೆಳೆಯುತ್ತದೆ. ಹಾಗಾಗಿ ಬಳೆಗೆ ಬಿ, ಸರಕ್ಕೆ ಎಸ್ ಅಂತ ನಂಬರಿನೊಳಗೆ ತುರುಕಬೇಡಿ, ಅದನ್ನು ಸಾಫ್ಟ್‌ವೇರಿನಲ್ಲಿ ಇಟ್ಟುಕೊಳ್ಳಿ. ಟ್ಯಾಗು ಹರಿಯದ ಪ್ಲಾಸ್ಟಿಕ್ ಇರಲಿ, ರಿಬ್ಬನ್ ರೆಸಿನ್ ಇರಲಿ.

## ನಂಬರು, ಕಾನೂನು, ಕನ್ನಡ

890ರಿಂದ ಶುರುವಾಗೋ ನಂಬರ್ ನಾವೇ ಹಾಕ್ಕೋಬಹುದಾ?

ಬೇಡ. 890 ಎನ್ನುವುದು ಜಿಎಸ್1 ಇಂಡಿಯಾ ಸಂಸ್ಥೆ ಹಂಚುವ ನಂಬರುಗಳ ಮೊದಲ ಮೂರು ಅಂಕಿ. ಸಾಮಾನು ಭಾರತದಲ್ಲಿ ತಯಾರಾಯಿತು ಎಂದು ಅದರರ್ಥವಲ್ಲ, ನಂಬರು ಇಲ್ಲಿಂದ ಬಂತು ಅಂತ ಅಷ್ಟೇ. ಸುಮ್ನೆ ಹಾಕಿಕೊಂಡರೆ ನಿಮ್ಮ ಹಪ್ಪಳ ಸ್ಕ್ಯಾನ್ ಮಾಡಿದಾಗ ಇನ್ಯಾರದೋ ಶಾಂಪೂ ಬಿಲ್ಲಾಗಬಹುದು. ಬೇರೆ ಅಂಗಡಿ, ಮಾರ್ಟುಗಳಿಗೆ ಸಾಮಾನು ಕೊಡುವವರು ಅಲ್ಲಿ ನೋಂದಾಯಿಸಿ ನಂಬರು ಪಡೆಯಿರಿ.

ನಿಮ್ಮ ಅಂಗಡಿಯೊಳಗೆ ಮಾತ್ರ ಮಾರುವುದಾದರೆ ಏನೂ ಬೇಕಿಲ್ಲ. 20ರಿಂದ 29ರವರೆಗಿನ ಅಂಕಿಯಿಂದ ಶುರುವಾಗುವ ನಂಬರುಗಳನ್ನು ಅಂಗಡಿಯ ಒಳಬಳಕೆಗೆಂದೇ ಬಿಟ್ಟಿದ್ದಾರೆ. ಇಲ್ಲ, ಕೋಡ್ 128ರಲ್ಲಿ 1001, 1002 ಅಂತ ನಿಮ್ಮದೇ ನಂಬರು ಹಾಕಿಕೊಳ್ಳಿ.

ಹಳೇ ಎಂಆರ್‌ಪಿ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಬಹುದಾ?

ಪೊಟ್ಟಣದ ಸಾಮಾನುಗಳ 2011ರ ತೂಕ-ಅಳತೆ ನಿಯಮಗಳ ಪ್ರಕಾರ, ಬೆಲೆ ಇಳಿಸಲಿಕ್ಕೆ ಸ್ಟಿಕ್ಕರ್ ಹಾಕಬಹುದು, ಅದೂ ಮೊದಲಿನ ಎಂಆರ್‌ಪಿ ಮುಚ್ಚದ ಹಾಗೆ. ಏರಿಸಲಿಕ್ಕೆ ಹಾಕುವಂತಿಲ್ಲ.

ಲೇಬಲ್ ಮೇಲೆ ಕನ್ನಡ ಹಾಕಿದ್ರೆ ಬರೀ ಚೌಕ ಚೌಕ ಬರುತ್ತೆ, ಯಾಕೆ?

ಪ್ರಿಂಟರಿನೊಳಗೆ ಇರುವ ಅಕ್ಷರಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಬರೀ ಪಠ್ಯ ಕಳಿಸಿದರೆ ಚೌಕವೋ ಪ್ರಶ್ನೆ ಚಿಹ್ನೆಯೋ ಬರುತ್ತದೆ. ಕನ್ನಡವನ್ನು ಚಿತ್ರವಾಗಿ ಕಳಿಸಬೇಕು. ವಿಂಡೋಸ್ ಡ್ರೈವರ್ ಮೂಲಕ, ಬಾರ್‌ಟೆಂಡರ್‌ನಂಥ ಲೇಬಲ್ ಸಾಫ್ಟ್‌ವೇರಿನಲ್ಲಿ ತುಂಗಾ, ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿ ಹೊಡೆದರೆ ಸರಿಯಾಗಿ ಬರುತ್ತದೆ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿ ಇದ್ದರೆ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಅಕ್ಷರದ ಗಾತ್ರದಲ್ಲಿ ಜಿಪುಣತನ ಬೇಡ. 6 ಪಾಯಿಂಟ್ ಅಂದರೆ 203ರಲ್ಲಿ ಎತ್ತರಕ್ಕೆ 17 ಚುಕ್ಕಿ ಮಾತ್ರ. ಅಷ್ಟರಲ್ಲೇ ಅಕ್ಷರ, ಗುಣಿತ, ಒತ್ತು ಮೂರೂ ಕೂರಬೇಕು. ಇಂಗ್ಲಿಷಿಗೆ ಸಾಕಾಗುತ್ತದೆ, ನಮ್ಮ ‘ಕ್ಷ’, ‘ಜ್ಞ’, ‘ತ್ಪಾ’ ಎಲ್ಲ ಇರುವೆ ಮೆಟ್ಟಿದ ಹಾಗೆ ಆಗುತ್ತವೆ. 9 ಪಾಯಿಂಟಿಗೆ ಏರಿಸಿದರೆ 25 ಚುಕ್ಕಿ ಸಿಗುತ್ತದೆ.

## ಕೈಕೊಟ್ಟಾಗ

ಒಂದು ಲೇಬಲ್ ಹೊಡೆದ್ರೆ ಮೂರು ಖಾಲಿ ಬರ್ತಿದೆ.

ರೋಲ್ ಬದಲಾಯಿಸಿದಿರಾ? ಹಾಗಿದ್ದರೆ ಪ್ರಿಂಟರಿಗೆ ಹೊಸ ಅಳತೆ ಗೊತ್ತಾಗಿಲ್ಲ. ಕ್ಯಾಲಿಬ್ರೇಟ್ ಮಾಡಿ. ಹೆಚ್ಚಿನವುಗಳಲ್ಲಿ ಫೀಡ್ ಬಟನ್ ಒತ್ತಿ ಹಿಡಿದು ಮಾಡುವ ಕೆಲಸ, ಎಷ್ಟು ಹೊತ್ತು ಅನ್ನುವುದು ಮಾಡೆಲ್ಲಿಗೊಂದು ಥರ. ಡ್ರೈವರಿನಲ್ಲಿ ಗ್ಯಾಪ್ (ಲೇಬಲ್ಲುಗಳ ಮಧ್ಯದ ಖಾಲಿ ಜಾಗ) ಅಂತಲೇ ಇದೆಯಾ, ಬ್ಲ್ಯಾಕ್ ಮಾರ್ಕ್ (ರೋಲಿನ ಹಿಂಬದಿಯ ಕಪ್ಪು ಗುರುತು) ಆಗಿದೆಯಾ ನೋಡಿ. ಸಾಲಿಗೆ ಎರಡು ಬರುವ ರೋಲಿನಲ್ಲಿ ಒಂದು ಲೇಬಲ್ಲಿನ ಅಗಲ ಕೊಟ್ಟರೆ ತಪ್ಪು, ಪೂರ್ತಿ ಸಾಲಿನ ಅಗಲ ಕೊಡಬೇಕು.

ರಿಬ್ಬನ್ ಹಾಕಿದೀನಿ, ಓಡ್ತಾನೂ ಇದೆ, ಲೇಬಲ್ ಮಾತ್ರ ಬೆಳ್ಳಗೆ!

ರಿಬ್ಬನ್ ಉಲ್ಟಾ ಆಗಿದೆ. ಕಪ್ಪು ಸವರಿದ ಬದಿ ಲೇಬಲ್ಲಿನ ಕಡೆ ಇರಬೇಕು. ಕೆಲವು ರಿಬ್ಬನ್ನಿನ ಕಪ್ಪು ಸುರುಳಿಯ ಹೊರಗಿರುತ್ತದೆ, ಕೆಲವದ್ದು ಒಳಗೆ. ಒಂದು ಸ್ಟಿಕ್ಕರಿನ ಅಂಟು ಬದಿಯನ್ನು ರಿಬ್ಬನ್ನಿಗೆ ಒತ್ತಿ ಕೀಳಿ. ಕಪ್ಪು ಕಿತ್ತು ಬಂದರೆ ಅದೇ ಸರಿಯಾದ ಬದಿ.

ಪ್ರಿಂಟ್ ಕಣ್ಣಿಗೆ ಚೆನ್ನಾಗಿದೆ, ಸ್ಕ್ಯಾನರ್ ಮಾತ್ರ ಓದಲ್ಲ. ಡಾರ್ಕ್‌ನೆಸ್ ಪೂರ್ತಿ ಏರಿಸಿದೀನಿ.

ಏರಿಸಿದ್ದೇ ತೊಂದರೆ ಇರಬಹುದು. ಬಿಸಿ ಜಾಸ್ತಿಯಾದರೆ ಗೆರೆ ದಪ್ಪಗಾಗಿ ಮಧ್ಯದ ಬಿಳಿ ಜಾಗ ತಿನ್ನುತ್ತದೆ. ನಮ್ಮ ಕಣ್ಣಿಗೆ ಕಪ್ಪು ಗಟ್ಟಿ ಅನ್ನಿಸುತ್ತದೆ. ಸ್ಕ್ಯಾನರಿಗೆ ಗೆರೆಯಷ್ಟೇ ಬಿಳಿಯೂ ಮುಖ್ಯ. ಡಾರ್ಕ್‌ನೆಸ್ಸನ್ನು ಮಧ್ಯಕ್ಕೆ ಇಳಿಸಿ, ಸ್ಪೀಡ್ ಕಮ್ಮಿ ಮಾಡಿ, ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗಿ.

ಆಮೇಲೆ ಬದಿಯ ಖಾಲಿ ಜಾಗ ನೋಡಿ. ಇಎಎನ್ ಕೋಡಿಗೆ ಎಡಕ್ಕೆ 11, ಬಲಕ್ಕೆ 7 ತೆಳು ಗೆರೆಯಷ್ಟು ಬಿಳಿ ಬೇಕು. ಅಲ್ಲಿ ಬಾರ್ಡರ್ ಎಳೆದು ಅಂದ ಮಾಡುವವರು ತುಂಬಾ ಜನ. ಕೋಡನ್ನು ಮೌಸಿನಿಂದ ಹಿಡಿದು ಎಳೆದು ಹಿಗ್ಗಿಸಿ ಕುಗ್ಗಿಸಿದರೂ ಕೆಡುತ್ತದೆ, ಗೆರೆಗಳು ಅರ್ಧ ಚುಕ್ಕಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಕೆಂಪು ಗೆರೆಯ ಕೋಡೂ ಬೇಡ. ಬಹುಪಾಲು ಸ್ಕ್ಯಾನರಿನ ಬೆಳಕೇ ಕೆಂಪು, ಅದಕ್ಕೆ ಕೆಂಪು ಗೆರೆ ಬಿಳಿಯಾಗಿ ಕಾಣುತ್ತದೆ.

ಊದುಬತ್ತಿಯ ಉರುಟು ಡಬ್ಬದ ಮೇಲೆ ಗೆರೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಬರುವ ಹಾಗೆ ಅಂಟಿಸಿ. ಬೇಲಿಯಂತೆ ನಿಲ್ಲಿಸಿದರೆ ಎರಡು ತುದಿ ಡಬ್ಬದ ಹಿಂದಕ್ಕೆ ಮರೆಯಾಗುತ್ತವೆ. ಇದರಲ್ಲಿ ಒಂದು ತೊಡಕಿದೆ. ಗೆರೆ ಹೆಡ್ಡಿಗೆ ಸಮಾನಾಂತರವಾಗಿ ಬಂದರೆ, ವೇಗವಾಗಿ ಹೊಡೆಯುವಾಗ ಅಂಚು ಕದಡುತ್ತದೆ. ಅಂಥ ಲೇಬಲ್ಲನ್ನು ನಿಧಾನವಾಗಿಯೇ ಹೊಡೆಯಬೇಕು.

ಉದ್ದಕ್ಕೆ ಒಂದು ಬಿಳಿ ಗೆರೆ ಬರ್ತಿದೆ. ಹೆಡ್ ಹೋಯ್ತು, ಹೊಸದು ಹಾಕಿ ಅಂದ್ರು. ಏನ್ ಮಾಡ್ಲಿ?

ಮೊದಲು ಒರೆಸಿ. ಸ್ವಿಚ್ ಆರಿಸಿ, ಹೆಡ್ ತಣ್ಣಗಾಗಲಿಕ್ಕೆ ಬಿಡಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಹೆಡ್ಡಿನ ಅಂಚನ್ನು ಒಂದೇ ದಿಕ್ಕಿಗೆ ಸವರಿ. ಆರಿದ ಮೇಲೆ ಹೊಡೆದು ನೋಡಿ. ‘ಹೆಡ್ ಹೋಯ್ತು’ ಅಂತ ನನ್ನ ಹತ್ತಿರ ಬಂದ ಎಷ್ಟೋ ಪ್ರಿಂಟರ್‌ಗಳಿಗೆ ಬೇಕಿದ್ದದ್ದು ಇಷ್ಟೇ. ಪ್ರತಿ ರಿಬ್ಬನ್ ಬದಲಾಯಿಸುವಾಗ ಒಮ್ಮೆ ಒರೆಸುವ ರೂಢಿ ಇಟ್ಟುಕೊಳ್ಳಿ. ಬ್ಲೇಡು, ಸ್ಕ್ರೂಡ್ರೈವರು, ಉಗುರು ಯಾವುದೂ ಹೆಡ್ಡಿನ ಹತ್ತಿರ ಸುಳಿಯಬಾರದು. ರೋಲರಿಗೆ ಸುತ್ತಿಕೊಂಡ ಸ್ಟಿಕ್ಕರನ್ನೂ ಬ್ಲೇಡಿನಿಂದ ಕೊಯ್ಯಬೇಡಿ, ಅದೇ ಆಲ್ಕೋಹಾಲ್ ಹಾಕಿ ನೆನೆಸಿ ಬಿಡಿಸಿ.

ಒರೆಸಿದ ಮೇಲೂ ಗೆರೆ ಅದೇ ಜಾಗದಲ್ಲಿದ್ದರೆ ಅಲ್ಲಿನ ಚುಕ್ಕಿ ಸತ್ತಿದೆ. ತಕ್ಷಣ ದುಡ್ಡು ಸುರಿಯಬೇಕಿಲ್ಲ. ಲೇಬಲ್ಲಿನ ಡಿಸೈನಿನಲ್ಲಿ ಕೋಡನ್ನು ಐದು ಮಿಲಿಮೀಟರ್ ಪಕ್ಕಕ್ಕೆ ಸರಿಸಿ, ಗೆರೆ ಖಾಲಿ ಜಾಗಕ್ಕೆ ಬೀಳುವ ಹಾಗೆ ಮಾಡಿಕೊಂಡು ಸ್ವಲ್ಪ ದಿನ ನಡೆಸಬಹುದು. ಹೊಸ ಹೆಡ್ಡಿನ ರೇಟು ಪ್ರಿಂಟರಿನ ಅರ್ಧ ರೇಟು ದಾಟಿದರೆ ಮತ್ತು ರೋಲರೂ ಸವೆದಿದ್ದರೆ ನಾನು ಹೊಸ ಪ್ರಿಂಟರ್ ತಗೊಳ್ಳಿ ಅನ್ನುತ್ತೇನೆ. ಹಳೆಯದನ್ನು ಎಸೆಯಬೇಡಿ. ಅದರ ಅಡಾಪ್ಟರ್, ರಿಬ್ಬನ್ ಹಿಡಿಕೆ, ಸೆನ್ಸರ್ ಒಂದಲ್ಲ ಒಂದು ದಿನ ಕೆಲಸಕ್ಕೆ ಬರುತ್ತವೆ.